ಕೆರೆಯಿಂದ ಕೆರೆಗೆ ಹೊರಟ ಮೀನು

ಇಚಲಕರಂಜಿಯ ನಮ್ಮ ಶಹಾಪುರದಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಓಣಿಯ ಎರಡೂ ಬದಿಗೆ ಮಗ್ಗದ ಶೆಡ್ಡುಗಳು, ಹೊತ್ತಿಲ್ಲ ಗೊತ್ತಿಲ್ಲ ಖಟಖಟ ಸದ್ದು. ಅದರ ಮೇಲೆ ಹಾಯಿಸಿ ಮಾತಾಡಿ ಮಾತಾಡಿ ನಮ್ಮ ಗಂಟಲುಗಳೇ ಹಾಗೆ ಪಳಗಿವೆ. ನನ್ನ ಗಂಡ ಜಾಬರ್, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವರು. ಅವರು ಪ್ರೀತಿಯಿಂದ ಚಹಾ ಕೇಳಿದರೂ ಹೊಸಬರಿಗೆ ಜಗಳ ತೆಗೆದಂತೆ ಕೇಳುತ್ತದೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಅಳತೆ ಕೊಡಲು ನಿಂತ ಹೆಂಗಸರು ತಾವಾಗಿಯೇ ಊರಿನ ಸುದ್ದಿ ಬಿಚ್ಚುತ್ತಾರೆ. ಬಿಚ್ಚದಿದ್ದರೆ ನಾನು ಕೆದಕುತ್ತೇನೆ. ಅದಕ್ಕೇ ಅತ್ತೆ ನನ್ನನ್ನು ‘ಕೆದಕೋ ಕೋಳಿ’ ಅನ್ನುತ್ತಾರೆ, ನನ್ನ ಮುಂದೆಯೇ.

ಈ ಆಟ ಸಿಕ್ಕಿದ್ದೂ ಕೆದಕಿದ್ದರಿಂದಲೇ. ಕೊಲ್ಹಾಪುರದಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ಬ್ಲೌಸಿನ ತೋಳು ಸಡಿಲ ಮಾಡಿಸಲು ಬಂದಿದ್ದಳು. ನಾನು ಹೊಲಿಗೆ ಬಿಚ್ಚುತ್ತಿದ್ದರೆ ಅವಳು ಫೋನಿನಲ್ಲಿ ನಕಾಶೆ ತೆರೆದುಕೊಂಡು ಒಂದು ಹಸಿರು ಚುಕ್ಕಿಯನ್ನೇ ನೋಡುತ್ತ ಒಬ್ಬಳೇ ನಗುತ್ತಿದ್ದಳು. ಒಬ್ಬಳೇ ನಗುವ ಹುಡುಗಿಯನ್ನು ಏನೆಂದು ಕೇಳದೆ ಕಳಿಸುವುದು ನನ್ನಿಂದ ಆಗುವ ಕೆಲಸವಲ್ಲ. ಯಾವನೋ ಹುಡುಗ ಇರಬೇಕೆಂದುಕೊಂಡು ಕೇಳಿದೆ. ಹುಡುಗನಲ್ಲ, ಡಬ್ಬಿ. ಜಗತ್ತಿನ ತುಂಬ ಜನ ಸಣ್ಣ ಸಣ್ಣ ಡಬ್ಬಿಗಳನ್ನು ಗಿಡದ ಬೇರಿನಲ್ಲಿ, ಕಲ್ಲಿನ ಸಂದಿಯಲ್ಲಿ ಬಚ್ಚಿಟ್ಟು, ಎಲ್ಲಿ ಇಟ್ಟಿದ್ದೇವೆಂದು ಫೋನಿನ ನಕಾಶೆಯಲ್ಲಿ ಚುಕ್ಕಿ ಹಾಕುತ್ತಾರಂತೆ. ಬೇರೆಯವರು ಆ ಚುಕ್ಕಿ ಹಿಡಿದು ಹುಡುಕುತ್ತ ಹೋಗುವುದು. ಸಿಕ್ಕರೆ ಒಳಗಿನ ಚೀಟಿಯಲ್ಲಿ ಒಂದು ಸಹಿ. ಡಬ್ಬಿಯೊಳಗಿನ ಒಂದು ಸಾಮಾನು ತೆಗೆದುಕೊಂಡರೆ ನಮ್ಮದೊಂದು ಸಾಮಾನು ಇಡಬೇಕು. ಜಿಯೋಕ್ಯಾಚಿಂಗ್ ಅಂತ ಹೆಸರು.

“ಸಿಕ್ಕರ ಏನ ಕೊಡತಾರ?” ಅಂದೆ.

“ಏನೂ ಇಲ್ರಿ ಕಾಕೂ. ಸಿಗೂದ, ಅಷ್ಟ!” ಅಂದಳು.

ಏನೂ ಕೊಡದ ಆಟವನ್ನು ಜಗತ್ತಿನ ಜನ ಯಾಕೆ ಆಡುತ್ತಾರೆ ಎಂಬುದು ನನಗೆ ಅನ್ನ ನುಂಗಗೊಡಲಿಲ್ಲ. ಆ ಹುಡುಗಿಯಿಂದಲೇ ನನ್ನ ಫೋನಿಗೂ ಹಾಕಿಸಿಕೊಂಡೆ. ನಕಾಶೆ ಎಳೆದು ನೋಡಿದರೆ ಕೊಲ್ಹಾಪುರದ ಕಳಂಬಾ ಕೆರೆಯ ದಂಡೆಗೆ ಒಂದು ಚುಕ್ಕಿ. ಗಡಹಿಂಗ್ಲಜದ ಆಚೆ ಗುಡ್ಡದ ನಡುವಿನ ಕೆರೆಯ ಹತ್ತಿರ ಇನ್ನೊಂದು. ಗಡಹಿಂಗ್ಲಜ ನನ್ನ ತವರು. ಆ ಕೆರೆಗೆ ಚಿಕ್ಕವಳಿದ್ದಾಗ ನೇರಳೆ ಹಣ್ಣು ತಿನ್ನಲು ಹೋಗುತ್ತಿದ್ದೆವು. ನನ್ನ ಕೆರೆಯಲ್ಲಿ ಯಾರೋ ಏನೋ ಬಚ್ಚಿಟ್ಟು ನನಗೇ ಗೊತ್ತಿಲ್ಲವೆಂದರೆ ಹೇಗೆ!

ಗಂಡನಿಗೆ ಕೊಲ್ಹಾಪುರದ ಅಂಬಾಬಾಯಿ ದರ್ಶನಕ್ಕೆ ಹೋಗುತ್ತೇವೆಂದು ಹೇಳಿ ಅತ್ತೆಯನ್ನು ಕರೆದುಕೊಂಡು ಎಸ್ಟಿ ಬಸ್ಸು ಹತ್ತಿದೆ. ಸುಳ್ಳೇನಲ್ಲ, ದರ್ಶನ ಮುಗಿಸಿಯೇ ಕಳಂಬಾಕ್ಕೆ ಹೋದದ್ದು. ಫೋನಿನ ಬಾಣ ದಂಡೆಗುಂಟ ಕರೆದುಕೊಂಡು ಹೋಗಿ ಒಂದು ಹುಣಸೆಮರದ ಹತ್ತಿರ ಬಿಟ್ಟಿತು. ಅಲ್ಲಿಂದ ಮುಂದೆ ಬಾಣಕ್ಕೂ ಗೊತ್ತಿಲ್ಲ, ನಮ್ಮ ಕಣ್ಣೇ ಗತಿ. ನಾನು ಕಲ್ಲೆಲ್ಲ ಸರಿಸಿ, ಇರುವೆ ಕಡಿಸಿಕೊಂಡು, ಈ ಆಟ ಮಾಡಿದವನ ಮನೆ ಹಾಳಾಗಲಿ ಅಂತ ಬೈದು ಕೂತುಬಿಟ್ಟೆ. ಅತ್ತೆ ಸೊಂಟಕ್ಕೆ ಕೈಕೊಟ್ಟು ಮರವನ್ನು ಒಂದು ಸುತ್ತು ಹಾಕಿದರು.

“ಏ ಕೋಳೀ, ಇಲ್ಲಿ ನೋಡು” ಅಂದರು. ಪೊಟರೆಯೊಳಗೆ ಸ್ಟೀಲಿನ ಡಬ್ಬಿ.

ಆಗ ಎದೆಯಲ್ಲಿ ಆದದ್ದನ್ನು ಹೇಗೆ ಹೇಳಲಿ! ವಯಸ್ಸಾದ ಇಬ್ಬರು ಹೆಂಗಸರು ಹುಣಸೆಮರದ ಕೆಳಗೆ ಸಣ್ಣ ಹುಡುಗಿಯರಂತೆ ಕೈ ಚಪ್ಪಾಳೆ ಹೊಡೆದುಕೊಂಡೆವು. ವಾಕಿಂಗಿಗೆ ಬಂದವರೊಬ್ಬರು ತಿರುಗಿ ತಿರುಗಿ ನೋಡುತ್ತ ಹೋದರು.

ಡಬ್ಬಿಯಲ್ಲಿ ಗುಂಡಿ, ಗೋಲಿ, ಯಾವುದೋ ದೇಶದ ನಾಣ್ಯ ಇದ್ದವು. ಅವುಗಳ ನಡುವೆ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಒಂದು ನೀಲಿ ಮೀನು. ಲೋಹದ ಮೇಲೆ ಗಾಜಿನಂತೆ ಹೊಳೆಯುವ ಬಣ್ಣ. ಅದಕ್ಕೆ ಸರಪಳಿಯಿಂದ ಜೋಡಿಸಿದ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಅಕ್ಷರ ಮತ್ತು ಅಂಕಿ ಕೊರೆದಿತ್ತು. ಆ ಅಂಕಿಯನ್ನು ಫೋನಿನಲ್ಲಿ ಒತ್ತಿದರೆ ಆ ಮೀನಿನದೇ ಒಂದು ಪುಟ ತೆರೆಯಿತು. ಇಂಥ ಸಾಮಾನು ಯಾರ ಸ್ವಂತವೂ ಅಲ್ಲ, ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ದಾಟಿಸುತ್ತ ಹೋಗಬೇಕಾದದ್ದು. ಅದು ಹೋದಲ್ಲೆಲ್ಲ ನಕಾಶೆಯ ಮೇಲೆ ಗೆರೆ ಬೆಳೆಯುತ್ತದೆ. ಈ ಮೀನು ಎಲ್ಲೋ ಬಹಳ ಉತ್ತರದ, ಚಳಿಯ ದೇಶದಿಂದ ಹೊರಟು, ಕೈಯಿಂದ ಕೈಗೆ ಸಮುದ್ರ ದಾಟಿ, ಕಳಂಬಾದ ತನಕ ಬಂದಿತ್ತು. ಕಳಿಸಿದವನು ಬರೆದದ್ದನ್ನು ಫೋನು ಕನ್ನಡಕ್ಕೆ ಮಾಡಿಕೊಟ್ಟಿತು. ನಾನು ಅತ್ತೆಗೆ ಓದಿ ಹೇಳಿದೆ. ‘ಈ ಮೀನು ನನ್ನ ಮಗಳದು. ಅವಳಿಗೆ ನೀರೆಂದರೆ ಪ್ರಾಣ. ಅವಳು ನೋಡದ ಕೆರೆಗಳನ್ನೆಲ್ಲ ಇದು ನೋಡಲಿ. ದಯವಿಟ್ಟು ಕೆರೆಯಿಂದ ಕೆರೆಗೆ ದಾಟಿಸಿ.’

“ಛಲೋ ಐತಲ್ರಿ, ಎಷ್ಟ ಊರು ತಿರಗೇತಿ ನೋಡ್ರಿ!” ಅಂದೆ ನಾನು, ನಕಾಶೆಯ ಗೆರೆ ತೋರಿಸುತ್ತ.

ಅತ್ತೆ ನಕಾಶೆ ನೋಡಲಿಲ್ಲ. ಅಂಗೈಯಲ್ಲಿ ಮೀನನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದರು.

“ಆ ಹುಡಿಗಿ ಈಗ ಇಲ್ಲ ಬಿಡವಾ.”

“ಹಂಗಂತ ಎಲ್ಲಿ ಬರದಾನ್ರಿ?”

“ಇದ್ದ ಮಗಳ ಸಾಮಾನ ಯಾವ ಅಪ್ಪ ಊರೂರು ಕಳಸತಾನ? ಇದ್ದಿದ್ರ ಅಕೀನ ಹೋಗತಿದ್ದಳಲ್ಲ.”

ಅಷ್ಟು ಹೊತ್ತು ಆಟದ ಗೊಂಬೆಯಂತಿದ್ದ ಮೀನು ನನ್ನ ಕೈಗೆ ಬಂದಾಗ ಭಾರವಾಗಿತ್ತು. ಯಾರದೋ ಮಗಳ ಕೆಲಸವೊಂದು ನಮ್ಮ ಪಾಲಿಗೆ ಬಂದಿತ್ತು. ಮುಂದಿನ ಕೆರೆ ನಮ್ಮ ಗಡಹಿಂಗ್ಲಜದ್ದೇ ಆಗಬೇಕು ಅಂತ ಅಲ್ಲೇ ಠರಾಯಿಸಿದೆವು.

ಸೊಸೆಯ ತವರಿಗೆ ಅತ್ತೆ ಹೋಗುವುದೆಂದರೆ ಬೀಗರ ಮನೆ, ಹಾಗೆಲ್ಲ ಎದ್ದು ಹೋಗಲಾಗುವುದಿಲ್ಲ. ನೆಪ ಬೇಕು. ನಮ್ಮ ಅತ್ತೆ ಎಲ್ಲರಿಗೂ ಮೊಣಕಾಲು ನೋವಿಗೆ ಗಡಹಿಂಗ್ಲಜದಲ್ಲಿ ಯಾರೋ ಎಣ್ಣೆ ಕೊಡುತ್ತಾರಂತೆ ಎಂದು ಸಾರಿದರು. ಆ ಮೊಣಕಾಲಿನಿಂದಲೇ ಮುಂದೆ ಗುಡ್ಡ ಹತ್ತಿದ್ದು ಬೇರೆ ಮಾತು. ತವರಿನಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ತಮ್ಮನ ಸ್ಕೂಟಿ ಇಸಿದುಕೊಂಡು ಹೊರಟೆವು. ಹೊರಡುವಾಗ ನಮ್ಮವ್ವ ಪದ್ಧತಿಯಂತೆ ನನ್ನ ಉಡಿ ತುಂಬಿದಳು. ಬ್ಲೌಸಿನ ಖಣದ ತುಂಡು, ಅಕ್ಕಿ, ಅರಿಷಿಣ ಬೇರು, ಅಡಿಕೆ, ಅದರ ಮೇಲೆ ಶೇಂಗಾ ಉಂಡಿ. ತವರಿನಿಂದ ಮಗಳನ್ನು ಬರಿಗೈಲಿ ಕಳಿಸಬಾರದಲ್ಲ.

ಕೆರೆಯ ಸುತ್ತ ಈಗ ಅರಣ್ಯ ಇಲಾಖೆಯವರು ನಡೆಯಲು ಕಾಲುದಾರಿ ಮಾಡಿದ್ದಾರೆ. ನೇರಳೆ, ಅಂಜನಿ, ತೇಗ, ಅವುಗಳ ನಡುವೆ ಒಣಗಿದ ಎಲೆ ತುಳಿಯುತ್ತ ಹೋದರೆ ಎಡಗಡೆ ಮರಗಳ ಸಂದಿಯಿಂದ ನೀರು ಕಾಣುತ್ತ ಮಾಯವಾಗುತ್ತ ಜೊತೆಗೇ ಬರುತ್ತದೆ. ನಾವು ಮಾತಾಡಿದರೆ ಆ ಕಾಡಿಗೆ ಕಾಡೇ ಬೆಚ್ಚಿತು. “ಅತ್ತೀ, ಬರ್ರಿ!” ಅಂತ ನಾನು ರೂಢಿಯಂತೆ ಕೂಗಿದರೆ ಆಚೆ ದಂಡೆಯ ಕೊಕ್ಕರೆಗಳು ಎದ್ದು ಹಾರಿದವು. ಮಗ್ಗದ ಸದ್ದಿಲ್ಲದ ಜಾಗದಲ್ಲಿ ನಮ್ಮ ಗಂಟಲು ಎಂಥದ್ದೆಂದು ನಮಗೆ ಮೊದಲ ಸಲ ಕೇಳಿಸಿ ಇಬ್ಬರಿಗೂ ನಾಚಿಕೆಯಾಯಿತು. ಅಲ್ಲಿಂದ ಮುಂದೆ ಕಿವಿಯಲ್ಲಿ ಹೇಳುವಂತೆ ಮಾತಾಡುತ್ತ ನಡೆದೆವು. ಪ್ರತಿ ತಿರುವಿನಲ್ಲೂ ಇದೇ ಇರಬೇಕು, ಇದೇ ಇರಬೇಕು ಅನ್ನುವ ಆಸೆ. ಕಳಂಬಾದ ನಂತರ ನನ್ನ ಕಣ್ಣೂ ಸ್ವಲ್ಪ ಜಾಣ ಆಗಿತ್ತು. ಕಲ್ಲು ತಾನಾಗಿ ಕೂತದ್ದು ಯಾವುದು, ಯಾರೋ ಕೂರಿಸಿದ್ದು ಯಾವುದು ಅಂತ ಹೊಳೆಯುತ್ತಿತ್ತು. ದೊಡ್ಡ ನೇರಳೆಮರದ ಬೇರಿನ ಹತ್ತಿರ ಮೂರು ಚಪ್ಪಟೆ ಕಲ್ಲು ಒಂದರ ಮೇಲೊಂದು ಮಲಗಿದ್ದವು. ಸರಿಸಿದೆ. ಪ್ಲಾಸ್ಟಿಕ್ಕಿನ ಊಟದ ಡಬ್ಬಿ.

ಒಳಗೆ ಸಹಿಯ ಚೀಟಿ, ಮೊಂಡ ಪೆನ್ಸಿಲು ಬಿಟ್ಟರೆ ಏನಿಲ್ಲ. ನಾನು ಮೀನನ್ನು ಇಟ್ಟು ಮುಚ್ಚಳ ಹಾಕುತ್ತಿದ್ದೆ. ಅತ್ತೆ ಕೈ ಹಿಡಿದರು.

“ಇಷ್ಟ ದೂರದಿಂದ ಬಂದ ಹುಡಿಗೀನ್ನ ಹಿಂಗ ಬರೇ ಡಬ್ಬ್ಯಾಗ ಇಟ್ಟ ಹೋಗೂದೇನ? ಉಡಿ ತುಂಬಿ ಕಳಸೂಣು.”

“ತಿನ್ನೂ ಸಾಮಾನ ಇಡಬಾರದಂತ್ರಿ. ಫೋನಿನ್ಯಾಗ ಕಾಯಿದೆ ಬರದಾರ.”

“ಕಾಯಿದೆ ಬರದಾಂವಗ ಹೆಣ್ಮಕ್ಕಳ ಇಲ್ಲೇನ? ನೀ ತುಂಬು. ನಾ ತುಂಬಬಾರದು.”

ಮಾವ ತೀರಿಕೊಂಡ ಮೇಲೆ ಅತ್ತೆ ಯಾರ ಉಡಿಯನ್ನೂ ತುಂಬಿಲ್ಲ. ತುಂಬಬಾರದೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಅರಿಷಿಣ ಕುಂಕುಮ ಶುರುವಾದ ಕೂಡಲೇ ಅವರು ತಾವಾಗಿಯೇ ಅಡಿಗೆಮನೆಗೆ ಹೋಗಿಬಿಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

“ನೀವ ತುಂಬ್ರಿ. ಇಲ್ಲಿ ನೋಡಾವರು ಯಾರು, ಕೊಕ್ಕರೇನ?” ಅಂದೆ.

ಅತ್ತೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ನೋಡಿದರು. ಆಮೇಲೆ ನನ್ನ ಸೆರಗಿನಿಂದ ಖಣ ತೆಗೆದು ಡಬ್ಬಿಯಲ್ಲಿ ಹಾಸಿ, ಮೀನನ್ನು ಮಲಗಿಸಿ, ಅಕ್ಕಿ, ಅರಿಷಿಣ ಬೇರು, ಅಡಿಕೆ, ಎರಡು ಉಂಡಿ ಇಟ್ಟರು. ಆ ಮುಖ ನೋಡಿದ ಮೇಲೆ ಕಾಯಿದೆಯ ಮಾತು ಎತ್ತಲು ನನಗೆ ಮನಸ್ಸಾಗಲಿಲ್ಲ. ಕಲ್ಲು ಮೊದಲಿನಂತೆ ಮುಚ್ಚಿ ಬಂದೆವು. ನಕಾಶೆಯಲ್ಲಿ ಗೆರೆ ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ಬೆಳೆಯಿತು. ಆ ಗೆರೆಯನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಅರ್ಥವಾಗದಿದ್ದರೂ ಪಾಪ, ಅಳತೆ ಕೊಡುತ್ತ ನಿಂತವರು ಹೌದ್ರಿ ಹೌದ್ರಿ ಅಂದರು.

ಕೆಲವು ದಿನಗಳ ಮೇಲೆ ಯಾರೋ ಆ ಡಬ್ಬಿ ಹುಡುಕಿಕೊಂಡು ಹೋದವರು ಫೋಟೋ ಹಾಕಿದರು. ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ, ಅಂಚಿನ ತುಂಬ ಹಲ್ಲಿನ ಗುರುತು. ‘ಮಂಗಗಳು ಒಡೆದಿವೆ. ಒಳಗೆ ಏನೂ ಇಲ್ಲ.’

ಉಂಡಿಯ ವಾಸನೆಗೆ ಬಂದಿವೆ, ಇನ್ನೇನು. ಮಂಗನ ಕೈಗೆ ಮಾಣಿಕ್ಯ ಕೊಡಬಾರದೆಂದು ಸಣ್ಣ ಮಕ್ಕಳಿಗೂ ಗೊತ್ತು, ನಾವು ಕೊಟ್ಟು ಬಂದಿದ್ದೆವು. ಅತ್ತೆಗೆ ಹೇಳಲೋ ಬೇಡವೋ ಅಂತ ಒಂದು ಹೊತ್ತು ತಡೆದೆ. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕೇಳಿದ ಅತ್ತೆ ಅಂದು ಊಟಕ್ಕೆ ಕೂರಲಿಲ್ಲ. “ಆ ಅಪ್ಪಗ ಏನ ಹೇಳೂದವಾ? ಎರಡನೇ ಸಲ ಕಳಕೊಂಡಂಗಾತು ಅಂವ” ಅಂದರು. ಮೊಣಕಾಲಿನ ಎಣ್ಣೆ ಮುಗಿಯಿತೆಂದು ಮನೆಯಲ್ಲಿ ಸಾರಲಾಯಿತು. ಮತ್ತೆ ಎಸ್ಟಿ, ಮತ್ತೆ ತಮ್ಮನ ಸ್ಕೂಟಿ.

ನೇರಳೆಮರದ ಕೆಳಗೆ ಇಬ್ಬರೂ ಎಲೆಗಳನ್ನು ಕೋಲಿನಿಂದ ಸರಿಸುತ್ತ ಹುಡುಕಿದೆವು. ನಾನು ಬೇರಿನ ಸಂದಿಗೆ ಕೈ ಹಾಕಿ ಮಣ್ಣು ಕೆದರುತ್ತಿದ್ದಾಗ ಏನು ಹುಡುಕುತ್ತಿದ್ದೀರಿ ಅಂತ ಹಿಂದಿನಿಂದ ಮರಾಠಿಯಲ್ಲಿ ಗಂಡಸಿನ ದನಿ ಬಂತು.

“ಕಾಯ ಶೋಧತಾಯ ಬಾಯೀ? ಗುಪ್ತಧನ?”

ಖಾಕಿ ಹಾಕಿದ ಅರಣ್ಯ ಇಲಾಖೆಯ ಕಾವಲುಗಾರ. ನಮ್ಮ ಕಡೆ ಹಳೆಯ ಗುಡಿ, ಗುಡ್ಡ ಇದ್ದಲ್ಲಿ ನಿಧಿ ಹುಡುಕಿ ಅಗೆಯುವ ಹುಚ್ಚು ಇದ್ದೇ ಇದೆ. ಮರದ ಬುಡದಲ್ಲಿ ಕೈಯೆಲ್ಲ ಮಣ್ಣು ಮಾಡಿಕೊಂಡ ಇಬ್ಬರು ಹೆಂಗಸರನ್ನು ನೋಡಿದರೆ ಯಾರಿಗಾದರೂ ಅದೇ ಅನುಮಾನ ಬರಬೇಕು. ನನಗೆ ಸಿಟ್ಟು ಬಂತು. ಆದರೆ ಅತ್ತೆ ಮೊದಲು ಬಾಯಿ ತೆರೆದರು.

“ಧನ ಅಲ್ಲಪಾ. ಮೀನ ಹುಡಕಾಕತ್ತೇವಿ.”

ಅವನು ಕೆರೆಯ ಕಡೆ ನೋಡಿದ, ಮರದ ಕಡೆ ನೋಡಿದ, ಅತ್ತೆಯ ಕಡೆ ನೋಡಿ ಕನ್ನಡಕ್ಕೆ ಬಂದ. “ಆಯೀ, ಮೀನ ನೀರಾಗ ಇರತಾವ್ರಿ. ಗಿಡದಾಗ ಅಲ್ಲ.”

ಮೀನು, ಮಗಳು, ಅಪ್ಪ, ಮಂಗ ಎಲ್ಲವನ್ನೂ ಅತ್ತೆ ಬಿಡಿಸಿ ಹೇಳಿದರು. ಅವನ ಮುಖದ ನಗೆ ಹೋಯಿತು. ತಾನೂ ಕೋಲು ತೆಗೆದುಕೊಂಡು ಹುಡುಕಿದ. ಸಿಗಲಿಲ್ಲ. ಕೊನೆಗೆ, ಕೆರೆಯ ಆ ತುದಿಯ ನಾಲ್ಕು ಮನೆಯ ವಾಡಿಯಿಂದ ಒಬ್ಬ ಹೆಂಗಸು ಈ ಕಡೆಗೆ ಆಡು ಮೇಯಿಸಲು, ಪುಳ್ಳೆ ಆರಿಸಲು ಬರುತ್ತಾಳೆ, ಅವಳನ್ನು ಕೇಳಿ ನೋಡಿ ಅಂದ.

ಕೆರೆಯ ನೀರಿನಿಂದ ಅಂಗಳದಷ್ಟು ದೂರಕ್ಕೆ ತಗಡಿನ ಮನೆ. ಬಾಗಿಲಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಆಡಿಗೆ ಸೊಪ್ಪು ಹಾಕುತ್ತಿದ್ದಳು. ಮರಾಠಿಯಲ್ಲಿ ಶುರು ಮಾಡಿದವಳು ನಮ್ಮ ಮಾತು ಕೇಳಿ ಅರಳಿದಳು. “ಕನ್ನಡದಾವ್ರೇನ್ರಿ? ನನ್ನ ತವರ ಹುಕ್ಕೇರಿ ಕಡೀಗ್ರಿ. ಬರ್ರಿ, ಕುಂದರ್ರಿ” ಅಂದು ಕೌದಿ ಹಾಸಿದಳು. ಅಷ್ಟರಲ್ಲಿ ಒಳಗಿನಿಂದ ನಾಲ್ಕೈದು ವರ್ಷದ ಹುಡುಗಿಯೊಂದು ಬರೀ ಅಂಗಿಯಲ್ಲಿ ಓಡಿ ಬಂತು. ಅಂಗಿ ಮೇಲೆ ಹೋದಾಗ ನಡುವಿನ ಕರಿ ಉಡದಾರದಲ್ಲಿ ನೀಲಿಯದೊಂದು ಮಿಂಚಿತು. ಮೀನು. ಪಕ್ಕದಲ್ಲೇ ಅಂಕಿ ಕೊರೆದ ಬಿಲ್ಲೆ.

ನನಗೆ ಜೀವ ಬಂದಂತಾಯಿತು. “ಇದ ನಮ್ಮದು!” ಅಂದುಬಿಟ್ಟೆ, ಶಹಾಪುರದ ಗಂಟಲಿನಲ್ಲೇ. ಆಡುಗಳು ಕೂಡ ತಲೆ ಎತ್ತಿದವು.

ಆ ತಾಯಿ ಹುಡುಗಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಕೂಸಿಗೆ ಬಹಳ ದಿನ ಜ್ವರದ ತಾಪ ಬಿಟ್ಟಿರಲಿಲ್ಲವಂತೆ. ಗಡಹಿಂಗ್ಲಜದ ದವಾಖಾನೆಯ ಔಷಧವೂ ನಡೆದಿತ್ತು, ದೇವಿಗೆ ಹರಕೆಯೂ ನಡೆದಿತ್ತು. “ಅವತ್ತ ಆ ನೇರಲ ಗಿಡದ ಬುಡಕ್ಕ ನೋಡತೇನಿ, ಖಣ ಬಿದ್ದೈತಿ, ಅಕ್ಕಿ ಐತಿ, ಅರಿಷಿಣ ಬೇರು, ಅಡಿಕಿ, ಉಂಡಿ ಪುಡಿ. ನಡಬರಕ ಇದ ಯಂತ್ರ, ಅಕ್ಷರ ಕೊರದದ್ದು. ತಾಯೀನ ಕೊಟ್ಟಾಳ ಅಂತ ತಂದ ಕಟ್ಟಿದೆ. ಮರುದಿನದಿಂದ ಕೂಸು ಗಂಜಿ ಕುಡೀತ್ರಿ.”

ಅತ್ತೆ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಬರಿಯ ಮೀನು ಬಿದ್ದಿದ್ದರೆ ಅವಳು ಎತ್ತಿಕೊಳ್ಳುತ್ತಿದ್ದಳೋ ಇಲ್ಲವೋ. ಮಂಗಗಳು ಚೆಲ್ಲಿದ ನಮ್ಮ ಉಡಿಯೇ ಅವಳಿಗೆ ದೇವಿಯ ಉಡಿಯಾಗಿ ಕಂಡಿತ್ತು. ನಮ್ಮ ಸೀಮೆಯ ಯಾವ ಹೆಂಗಸು ನೋಡಿದ್ದರೂ ಅದನ್ನೇ ತಿಳಿಯುತ್ತಿದ್ದಳು, ನಾನೂ.

ಆದರೆ ನಾನು ಆಗ ಅಷ್ಟು ದೂರ ಯೋಚಿಸಲಿಲ್ಲ. ಅದು ಯಂತ್ರವಲ್ಲ, ನಂಬರು. ದೇವಿ ಕೊಟ್ಟದ್ದಲ್ಲ, ನಾವಿಟ್ಟದ್ದು. ಒಬ್ಬ ಅಪ್ಪ ಸತ್ತ ಮಗಳ ಹೆಸರಿನಲ್ಲಿ ಕಳಿಸಿದ್ದು, ಮುಂದಿನ ಕೆರೆಗೆ ಹೋಗಲೇಬೇಕು ಅಂತ ಒಂದೇ ಉಸಿರಿಗೆ ಒದರಿದೆ. ‘ಸತ್ತ’ ಅಂದ ಕೂಡಲೇ ಅವಳ ಮುಖ ಬಿಳಿಚಿಕೊಂಡಿತು. ಅದನ್ನು ಕಂಡು ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೂ ಅವಳು ಸಾಚಾ ಹೆಂಗಸು.

“ಬ್ಯಾರೇದವರ ಸಾಮಾನ ಅಂದಮ್ಯಾಲ ನನಗ ಬ್ಯಾಡ್ರಿ” ಅಂದಳು. ಉಡದಾರದ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿದಿತ್ತು, ಬಿಚ್ಚಲಿಲ್ಲ. “ಆದ್ರ ಆಯೀ, ಮತ್ತ ತಾಪ ಬಂದ್ರ?” ಅಂತ ಅತ್ತೆಯನ್ನು ಕೇಳಿದಳು. ಕಣ್ಣಲ್ಲಿ ನೀರು ನಿಂತಿತ್ತು.

ಹೊಲಿಯುವವಳ ಚೀಲದಲ್ಲಿ ಕತ್ತರಿ ಇದ್ದೇ ಇರುತ್ತದೆ. ನಾನು ತೆಗೆದೂ ಆಗಿತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದರು, ಗಟ್ಟಿಯಾಗಿ.

“ಒಳಗ ಇಡು ಅದನ್ನ. ಮದಲ ಅಂವಗ ಕೇಳು. ಅಪ್ಪ ಅದಾನಲ್ಲ.”

ಅಲ್ಲೇ ಕೂತು ಬರೆದೆ. ನಾನು ಕನ್ನಡದಲ್ಲಿ ಬರೆದರೆ ಫೋನು ಅವನ ಭಾಷೆಗೆ ಮಾಡುತ್ತಿತ್ತು, ಏನು ಮಾಡುತ್ತಿತ್ತೋ ದೇವರೇ ಬಲ್ಲ. ‘ನಿಮ್ಮ ಮೀನು ಕಳೆದಿತ್ತು, ಸಿಕ್ಕಿದೆ. ಕೆರೆಯ ದಂಡೆಯ ಒಂದು ಮನೆಯಲ್ಲಿ ಸಣ್ಣ ಹುಡುಗಿಯ ನಡುವಿನ ದಾರದಲ್ಲಿದೆ. ಅದರಿಂದಲೇ ಮಗುವಿನ ಜ್ವರ ಹೋಯಿತೆಂದು ತಾಯಿ ನಂಬಿದ್ದಾಳೆ. ನೀವು ಹೇಳಿದರೆ ಬಿಡಿಸಿಕೊಂಡು ಮುಂದೆ ಕಳಿಸುತ್ತೇವೆ. ನೀವು ಹೇಳಿದಂತೆ.’ ಉತ್ತರ ಬಂದ ಮೇಲೆ ಬರುತ್ತೇವೆಂದು ಆ ತಾಯಿಗೆ ಹೇಳಿ ಇಚಲಕರಂಜಿಗೆ ಮರಳಿದೆವು.

ಉತ್ತರ ಬರಲಿಲ್ಲ. ವಾರ ಕಳೆದರೂ ಇಲ್ಲ, ಎರಡಾದರೂ ಇಲ್ಲ. ಸೂಜಿಗೆ ದಾರ ಪೋಣಿಸುವ ನಡುವೆಯೂ ಫೋನು ತೆಗೆದು ನೋಡುತ್ತಿದ್ದೆ. ಯಾರವನು? ವಯಸ್ಸೆಷ್ಟು? ಅವನ ಕೆರೆಯಲ್ಲಿ ಈಗ ಮಂಜುಗಡ್ಡೆಯೇ? ಮಗಳು ಎಷ್ಟು ದೊಡ್ಡವಳಿದ್ದಳು? ಇದನ್ನೆಲ್ಲ ಕೇಳಿ ಬರೆಯಬೇಕೆಂದು ಬೆರಳು ತುರಿಸುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಕೆದಕದೆ ಕೂತೆ. ಅತ್ತೆ ಮಾತ್ರ ದಿನಾ ಬೆಳಿಗ್ಗೆ, “ಬಂತೇನ?” ಅಂತ ಒಂದೇ ಮಾತು ಕೇಳಿ ಸ್ನಾನಕ್ಕೆ ಹೋಗುತ್ತಿದ್ದರು. ಅವನು ಬೇಕು ಅಂದರೆ ಆ ಗಂಟನ್ನು ಕತ್ತರಿಸಬೇಕಾದವಳು ನಾನು. ಬೇಡ ಅಂದರೆ ಅವನ ಮಗಳ ಪ್ರಯಾಣ ನಮ್ಮಿಂದ ನಿಂತಂತೆ. ಎರಡರಲ್ಲಿ ಯಾವುದನ್ನು ಆಸೆಪಡಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಂತು. ಮಷೀನು ನಿಲ್ಲಿಸಿ ಅತ್ತೆಯನ್ನು ಕರೆದು ಓದಿದೆ.

‘ತಡವಾಯಿತು, ಕ್ಷಮಿಸಿ. ನಿಮ್ಮ ಪತ್ರವನ್ನು ದಿನಾ ಓದುತ್ತಿದ್ದೆ. ಮೀನು ಅಲ್ಲೇ ಇರಲಿ. ಆ ದಾರ ಕತ್ತರಿಸಬೇಡಿ. ಒಂದು ಮಾತು ಕೇಳುತ್ತೇನೆ. ಮನೆ ಕೆರೆಯ ದಂಡೆಯಲ್ಲಿದೆ ಎಂದು ಬರೆದಿದ್ದೀರಿ. ಆ ಮಗುವಿಗೆ ಈಜು ಬರುತ್ತದೆಯೇ? ನನ್ನ ಮಗಳಿಗೆ ನೀರೆಂದರೆ ಪ್ರಾಣವಿತ್ತು. ಈಜು ಬರುತ್ತಿರಲಿಲ್ಲ. ಬರುವ ಬೇಸಿಗೆಗೆ ಕಲಿಸುತ್ತೇನೆ, ಬರುವ ಬೇಸಿಗೆಗೆ ಕಲಿಸುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ.’

ಹೊರಗೆ ಮಗ್ಗಗಳು ಬಡಿಯುತ್ತಲೇ ಇದ್ದವು. ನನಗೆ ಅಳು ತಡೆಯಲಾಗಲಿಲ್ಲ, ಮುಂದಿದ್ದ ಯಾರದೋ ಬ್ಲೌಸಿನ ಬಟ್ಟೆಗೇ ಮುಖ ಒರೆಸಿಕೊಂಡೆ. ಅತ್ತೆ ಎದ್ದು ಗೂಟದ ಮೇಲಿನ ಚೀಲ ತೆಗೆದರು.

“ನಡಿ.”

“ಎಲ್ಲಿಗ್ರಿ? ಈಜ ಯಾರಿಗಿ ಬರತೈತಿ? ನನಗಂತೂ ಮೊಣಕಾಲ ಮಟ ನೀರಂದ್ರ ಎದಿ ಹೊಡಕೋತೈತಿ.”

“ನಾ ಹೊಳಿ ದಂಡಿ ಅಕಿವಾಟದಾಕಿ. ಎಮ್ಮಿ ಬಾಲ ಹಿಡದ ಹೊಳಿ ದಾಟಾಕಿ. ಮದಿವ್ಯಾದ ಮ್ಯಾಲ ಯಾರರೆ ಕೇಳಿದ್ರೇನ ನನ್ನ?”

ಕೇಳಿರಲಿಲ್ಲ. ಓಣಿಯ ಎಲ್ಲರನ್ನೂ ಕೆದಕುವ ನಾನೂ ಇದೇ ಮನೆಯಲ್ಲಿ ಇಷ್ಟು ವರ್ಷ ಇದ್ದು ಕೇಳಿರಲಿಲ್ಲ. ಈ ಸಲ ಮೊಣಕಾಲಿನ ನೆಪವನ್ನೂ ಹೇಳಲಿಲ್ಲ. ಒಂದು ಕೂಸಿಗೆ ಈಜು ಕಲಿಸಲು ಹೋಗುತ್ತೇವೆ ಅಂದರು ಅತ್ತೆ. ನನ್ನ ಗಂಡ ಮಗ್ಗದ ಸದ್ದಿನಲ್ಲಿ ಸರಿಯಾಗಿ ಕೇಳಿಸಿಕೊಂಡರೋ ಇಲ್ಲವೋ, ಗೋಣು ಹಾಕಿದರು.

ಮರುದಿನ ಬೆಳಿಗ್ಗೆ ವಾಡಿಗೆ ಹೋಗಿ ಆ ತಾಯಿಗೆ ಅಪ್ಪನ ಉತ್ತರವನ್ನು ಓದಿ ಹೇಳಿದೆವು. ಈ ಸಲ ನಾನು ಮೆಲ್ಲಗೆ ಓದಿದೆ. ಅವಳು ಮಗಳ ನಡುವನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ಬಾಗಿಲಿನಿಂದಲೇ ಕಾಣುವ ನೀರನ್ನು ನೋಡಿದಳು. “ನಾ ಆಡ ಬಿಟ್ಟ ಬರೂತನಕ ಇಕಿ ದಂಡಿ ಮ್ಯಾಲ ಒಬ್ಬಾಕೀನ ಆಡತಾಳ್ರಿ” ಅಂದಳು, ತನಗೆ ತಾನೇ ಹೇಳಿಕೊಂಡಂತೆ.

ಕಾವಲುಗಾರ ಬಂದು ತಳ ಗಟ್ಟಿ ಇರುವ ಜಾಗ ತೋರಿಸಿ, ದಂಡೆಯ ಮೇಲೆ ಬಿದಿರು ಹಿಡಿದು ನಿಂತ. ಅತ್ತೆ ಸೀರೆಯನ್ನು ಕಚ್ಚೆ ಹಾಕಿ ನೀರಿಗೆ ಇಳಿದರು. ಎಸ್ಟಿಯ ಮೆಟ್ಟಿಲು ಹತ್ತಲು ನನ್ನ ಕೈ ಹಿಡಿಯುವ ಹೆಂಗಸು ನೀರಿನಲ್ಲಿ ಬೇರೆಯೇ ಆದರು. ಎದೆಮಟ್ಟ ನೀರಿನಲ್ಲಿ ನಿಂತು, ಅಂಗೈ ಮೇಲೆ ಮಗುವಿನ ಹೊಟ್ಟೆ ಇಟ್ಟುಕೊಂಡು, “ಕಾಲ ಬಡಿ, ಎಮ್ಮಿಗತೆ ಬಡಿ!” ಅಂದರು. ಹುಡುಗಿ ಬಡಿದಳು. ಕಿರುಚಿದಳು. ಅತ್ತು, ನಕ್ಕು, ಅತ್ತೆಯ ಕುತ್ತಿಗೆಗೆ ಜೋತುಬಿದ್ದಳು. ಮತ್ತೆ ಮಲಗಿದಳು. ನೀರಿನೊಳಗೆ ಉಡದಾರದ ನೀಲಿ ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು. ದಂಡೆಯ ಮೇಲೆ ಅವಳ ತಾಯಿ ನನ್ನ ಕೈಯನ್ನು ಉಗುರು ಇಳಿಯುವಂತೆ ಹಿಡಿದಿದ್ದಳು. ಬಿಸಿಲು ಏರುವ ಹೊತ್ತಿಗೆ ಅತ್ತೆ ಹೇಳದೆ ಕೇಳದೆ ಅಂಗೈ ಕೆಳಗೆ ಎಳೆದುಕೊಂಡರು. ಹುಡುಗಿ ಒಂದು ಉಸಿರಿನಷ್ಟು ಹೊತ್ತು ಮೇಲೆಯೇ ಇದ್ದಳು. ಆಮೇಲೆ ಮುಳುಗಿ, ಅತ್ತೆ ಎತ್ತಿದಾಗ ಕೆಮ್ಮುತ್ತ ಮೂಗಿನಿಂದ ನೀರು ಬಿಡುತ್ತ, “ಇನ್ನೊಮ್ಮಿ!” ಅಂದಳು.

ನಾನು ದಂಡೆಯ ಮೇಲೆ ಕೂತು ಆ ಅಪ್ಪನಿಗೆ ಬರೆದೆ. ‘ಇವತ್ತು ಶುರು ಮಾಡಿದೆವು. ಕೈ ಬಿಟ್ಟಾಗ ಒಂದು ಉಸಿರಿನಷ್ಟು ತೇಲಿದಳು.’

ಮೊದಲ ಪತ್ರಕ್ಕೆ ಅಷ್ಟು ದಿನ ತೆಗೆದುಕೊಂಡವನು ಈ ಸಲ ಅತ್ತೆ ಮೇಲೆ ಬಂದು ಸೆರಗು ಹಿಂಡುವಷ್ಟರಲ್ಲಿ ಉತ್ತರ ಕೊಟ್ಟ. ಅವನ ದೇಶದಲ್ಲಿ ಆಗ ಎಷ್ಟು ಹೊತ್ತೋ, ಫೋನು ಕೈಯಲ್ಲೇ ಹಿಡಿದು ಕೂತಿದ್ದನೋ ಏನೋ. ಒಂದೇ ಸಾಲು.

‘ನಾಳೆಯೂ ಹೋಗುತ್ತೀರಲ್ಲವೇ?’

ನಾಳೆ ನಾನು ಅಂಗಡಿ ತೆರೆಯಬೇಕಿತ್ತು. ಮದುವೆಗಳ ಲಗ್ನಸರಾಯಿ ಶುರುವಾಗಿತ್ತು, ಕತ್ತರಿಸಿಟ್ಟ ಬ್ಲೌಸುಗಳು ಗುಡ್ಡೆ ಬಿದ್ದಿದ್ದವು, ಬೈಯಲು ಗಿರಾಕಿಗಳು ಕಾದಿದ್ದರು. ಮಧ್ಯಾಹ್ನದ ಎಸ್ಟಿಗೆ ಹೊರಡುವುದೆಂದು ಬೆಳಿಗ್ಗೆಯೇ ಹೇಳಿದ್ದೆ. ನಾನು ಆ ಸಾಲನ್ನು ಅತ್ತೆಗೆ ಓದಿದೆ.

ಅತ್ತೆ ಹಿಂಡಿದ ಸೆರಗನ್ನು ಕೊಡವಿ ಬಿಸಿಲಿಗೆ ಹರವಿದರು. “ಹೂಂ ಅಂತ ಬರಿ” ಅಂದರು.

ಬರೆದೆ. ಆಮೇಲೆ ಗಂಡನಿಗೆ ಫೋನು ಹಚ್ಚಿ, ನಾಲ್ಕು ದಿನ ಬರುವುದಿಲ್ಲ, ಡಬ್ಬದಲ್ಲಿ ರೊಟ್ಟಿ ಇದೆ ಅಂತ ಹೇಳಿದೆ.